ಬ್ಯಾಟರಿ ಎಷ್ಟು ಉಳಿದಿದೆ: ಮೂರು ದಾರಿ, ಎರಡು ಊರು

ಮಳೆಗಾಲದಲ್ಲಿ ನಮ್ಮ ಕಡೆ ಸೋಲಾರ್ ನಂಬಿ ಕೂರುವ ಹಾಗಿಲ್ಲ. ನನ್ನ ಎರಡು ಪುಟ್ಟ ಸರ್ಕ್ಯೂಟ್‌ಗಳು ಬ್ಯಾಟರಿ ಮೇಲೆಯೇ ಓಡುತ್ತವೆ, ಖಾಲಿಯಾಗುವ ಮೊದಲು ಅವೇ ಹೇಳಬೇಕು. ಒಂದು ಶಿರಸಿ ಹತ್ತಿರದ ಅಡಿಕೆ ತೋಟದಲ್ಲಿ ಮಳೆ ಅಳೆಯುತ್ತದೆ. ಕೊಳೆರೋಗದ ಮದ್ದು ಯಾವಾಗ ಹೊಡೆಯಬೇಕು ಅನ್ನೋದಕ್ಕೆ ಆ ಲೆಕ್ಕ ಬೇಕು. ಇನ್ನೊಂದು ಕಾರವಾರದ ಕೋಡಿಬಾಗದಲ್ಲಿ, ತಾರಸಿಯ ನೀರಿನ ಟ್ಯಾಂಕ್ ಮೇಲೆ. ಎರಡರಲ್ಲೂ ಎಟಿಮೆಗಾ328ಪಿ ಚಿಪ್, ಪ್ರೋಗ್ರಾಂ ಬರೆದು ಹಾಕುವ ಪುಟ್ಟ ಕಂಪ್ಯೂಟರ್ (ಮೈಕ್ರೊಕಂಟ್ರೋಲರ್).

ಎಲ್ಲರೂ ಮೊದಲು ಹಾಕುವುದು ಎರಡು ರೆಸಿಸ್ಟರ್‌ಗಳ ಡಿವೈಡರ್, ಅಂದರೆ ಬ್ಯಾಟರಿ ವೋಲ್ಟೇಜನ್ನು ಅರ್ಧ ಮಾಡಿ ಚಿಪ್‌ನ ಪಿನ್‌ಗೆ ಕೊಡುವ ಜೋಡಿ. ಅಗ್ಗ, ಸುಲಭ. ಆದರೆ ಅದು ಹಗಲು ರಾತ್ರಿ ಕರೆಂಟ್ ಕುಡಿಯುತ್ತಲೇ ಇರುತ್ತದೆ. 4.2 ವೋಲ್ಟಿನ ಲಿಥಿಯಂ ಸೆಲ್‌ಗೆ 10 ಕಿಲೋಓಮ್‌ನ (10ಕೆ) ಎರಡು ಹಾಕಿದರೆ 210 ಮೈಕ್ರೊಆಂಪಿಯರ್. ವರ್ಷಕ್ಕೆ ಸುಮಾರು 1,800 ಮಿಲಿಆಂಪಿಯರ್-ಅವರ್, ಅಂದರೆ ಕಡಿಮೆ ಸಾಮರ್ಥ್ಯದ ಒಂದು 18650 ಲಿಥಿಯಂ ಸೆಲ್ ಹೆಚ್ಚುಕಡಿಮೆ ಪೂರ್ತಿ! ಚಿಪ್ ಮಾತ್ರ ಪಾಪ, ನಿದ್ದೆಯಲ್ಲಿ ಕೆಲವೇ ಮೈಕ್ರೊಆಂಪಿಯರ್ ತಿನ್ನುತ್ತದೆ.

ಹಾಗಾದರೆ 1 ಮೆಗಾಓಮ್‌ನ ಎರಡು ಹಾಕಿ, ಪಿನ್ ಹತ್ತಿರ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಕೊಡಿ ಅಂತಾರೆ. ಲೆಕ್ಕ ಸರಿಯೇ, ಖರ್ಚು 2 ಮೈಕ್ರೊಆಂಪಿಯರ್‌ಗೆ ಇಳಿಯುತ್ತದೆ. ಒಳಗೆ ಮೇಜಿನ ಮೇಲೆ ಚೆನ್ನಾಗಿಯೇ ಓದಿತು. ಕೋಡಿಬಾಗದ ತಾರಸಿಯಲ್ಲಿ ಮಾತ್ರ ಕಥೆ ಬೇರೆ. ಉಪ್ಪುಗಾಳಿ, ಅದರ ಮೇಲೆ ತೇವ. ಬೋರ್ಡ್ ಮೇಲೆ ಉಳಿದ ಫ್ಲಕ್ಸ್ (ಬೆಸುಗೆಗೆ ಬಳಸುವ ಅಂಟು) ಅದನ್ನೆಲ್ಲ ಹಿಡಿದುಕೊಳ್ಳುತ್ತದೆ, ಕರೆಂಟ್ ಅಲ್ಲೇ ಸೋರುತ್ತದೆ. ಕೆಳಗಿನ ರೆಸಿಸ್ಟರ್‌ಗೆ ಅಡ್ಡಲಾಗಿ 10 ಮೆಗಾಓಮ್‌ನಷ್ಟು ಸೋರಿಕೆ ಇದ್ದರೂ ಸಾಕು, 4.0 ವೋಲ್ಟ್ ಇರುವುದು 3.8 ಅಂತ ಕಾಣುತ್ತದೆ. ಬಿಸಿಲು ಬಿದ್ದ ದಿನ ಬ್ಯಾಟರಿ ತಾನಾಗಿಯೇ ಚಾರ್ಜ್ ಆದ ಹಾಗೆ ಅಂಕಿ ಮೇಲೇರುತ್ತಿತ್ತು. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಉಜ್ಜಿ, ಮೇಲೆ ವಾರ್ನಿಷ್ ಬಳಿದ ಮೇಲೆ ಸುಧಾರಿಸಿತು. ಆದರೂ ಕರಾವಳಿಗೆ ಇದು ಬೇಡ ಅಂತಲೇ ನನ್ನ ಅಭಿಪ್ರಾಯ.

ಎರಡನೆಯ ದಾರಿಗೆ ಹೊರಗಿನ ಭಾಗವೇ ಬೇಡ. ಚಿಪ್ ಒಳಗೆ 1.1 ವೋಲ್ಟಿನ ರೆಫರೆನ್ಸ್ ಇದೆ, ಬ್ಯಾಟರಿ ಇಳಿದರೂ ಬದಲಾಗದ ವೋಲ್ಟೇಜ್. ತನ್ನ ಸಪ್ಲೈಯನ್ನು ಅಳತೆಗೋಲು ಮಾಡಿಕೊಂಡು ಚಿಪ್ ಆ 1.1 ಅನ್ನೇ ಅಳೆಯುತ್ತದೆ, ಬಂದ ಅಂಕಿಯಿಂದ ಸಪ್ಲೈ ಎಷ್ಟು ಅಂತ ತಿರುಗಿಸಿ ಲೆಕ್ಕ ಹಾಕಬೇಕು. ಸೋರುವುದಕ್ಕೆ ಅಲ್ಲಿ ಏನೂ ಇಲ್ಲ. ಶಿರಸಿಯ ತೋಟದಲ್ಲಿ ಎರಡು ಎಎ ಸೆಲ್ ನೇರ ಚಿಪ್‌ಗೇ ಕೊಟ್ಟಿದ್ದೇನೆ, ಅಲ್ಲಿಗೆ ಇದಕ್ಕಿಂತ ಒಳ್ಳೆಯದು ಸಿಗಲಿಲ್ಲ. ಒಂದು ಕೆಲಸ ಮಾತ್ರ ಮಾಡಲೇಬೇಕು. ಆ 1.1 ಅನ್ನೋದು ಚಿಪ್‌ನಿಂದ ಚಿಪ್‌ಗೆ 1.0ರಿಂದ 1.2ರವರೆಗೂ ಇರಬಹುದು. ಹಾಗೇ ಬಿಟ್ಟರೆ 3.0 ವೋಲ್ಟ್ 3.3 ಅಂತಲೂ ಕಂಡೀತು, 2.75 ಅಂತಲೂ ಕಂಡೀತು. ಮಲ್ಟಿಮೀಟರ್ ಹಿಡಿದು ಒಮ್ಮೆ ಸರಿಹೊಂದಿಸಿ, ಆ ಸಂಖ್ಯೆಯನ್ನು ಈಪ್ರಾಮ್‌ನಲ್ಲಿ (ಕರೆಂಟ್ ಹೋದರೂ ಅಳಿಯದ ಚಿಪ್‌ನ ಮೆಮೊರಿ) ಇಟ್ಟರೆ ಆಯಿತು. ಎಚ್ಚರವಾದ ಕೂಡಲೇ ಬರುವ ಮೊದಲ ಓದು ಬಿಸಾಡಿ. ಮಲಗಿಸುವ ಮುಂಚೆ ಎಡಿಸಿ (ವೋಲ್ಟೇಜನ್ನು ಅಂಕಿಯಾಗಿಸುವ ಚಿಪ್‌ನ ಭಾಗ) ಆರಿಸಿ, ಇಲ್ಲದಿದ್ದರೆ ಉಳಿಸಿದ್ದೆಲ್ಲ ಅಲ್ಲೇ ಹೋಗುತ್ತದೆ.

ಇದೇ ದಾರಿ ಕಾರವಾರಕ್ಕೆ ಆಗಲಿಲ್ಲ. ಅಲ್ಲಿ ಲಿಥಿಯಂ ಸೆಲ್ ಮತ್ತು ಚಿಪ್ ನಡುವೆ ವೋಲ್ಟೇಜನ್ನು ಒಂದೇ ಸಮ ಇಡುವ 3.3 ವೋಲ್ಟಿನ ರೆಗ್ಯುಲೇಟರ್ ಇದೆ. ಸೆಲ್ 4.2 ಇರಲಿ, 3.6 ಇರಲಿ, ಚಿಪ್ ಕಣ್ಣಿಗೆ ಯಾವಾಗಲೂ 3.3. ಅಂಕಿ ಇಳಿಯಲು ಶುರುವಾಗುವ ಹೊತ್ತಿಗೆ ಸೆಲ್ ಖಾಲಿ ಆಗಿಯೇ ಹೋಗಿರುತ್ತದೆ.

ಅಲ್ಲಿ ನಿಂತದ್ದು ಮೂರನೆಯದು, ಸ್ವಿಚ್ ಇರುವ ಡಿವೈಡರ್. ಬ್ಯಾಟರಿಗೂ ಡಿವೈಡರ್‌ಗೂ ನಡುವೆ ಸ್ವಿಚ್ ಆಗಿ ಒಂದು ಪಿ-ಚಾನೆಲ್ ಮಾಸ್‌ಫೆಟ್ (ಒಂದು ಬಗೆಯ ಟ್ರಾನ್ಸಿಸ್ಟರ್), ಅದರ ಗೇಟ್ ಅಂದರೆ ನಿಯಂತ್ರಣದ ಕಾಲು ಎಳೆಯಲು ಒಂದು ಚಿಕ್ಕ ಎನ್-ಚಾನೆಲ್. ಆ ಎನ್-ಚಾನೆಲ್ ಸುಮ್ನೆ ಅಲ್ಲ. ಚಿಪ್‌ನ ಪಿನ್ ಕೊಡುವುದು 3.3, ಪಿ-ಚಾನೆಲ್ ಪೂರ್ತಿ ಮುಚ್ಚಲು ಗೇಟ್‌ಗೆ ಬೇಕಾದ್ದು 4.2. ನೇರ ಕಟ್ಟಿದರೆ ಅರ್ಧ ತೆರೆದೇ ಇರಬಹುದು. ಡಿವೈಡರ್ ಬುಡವನ್ನು ಒಂದು ಪಿನ್‌ಗೆ ಕಟ್ಟಿ ಬಿಡುವ ಉಪಾಯವೂ ಇದೆ, ಆದರೆ ಪಿನ್ ಬಿಟ್ಟಾಗ ಅಳೆಯುವ ಪಿನ್ ಮೇಲೆ ಚಿಪ್‌ನ 3.3ಕ್ಕಿಂತ ಹೆಚ್ಚಿನ ವೋಲ್ಟೇಜ್ ಬಂದು ಕೂರುತ್ತದೆ. ಅದು ಬೇಡ.

ಕೆಲವೇ ಮಿಲಿಸೆಕೆಂಡ್ ತೆರೆಯುವುದರಿಂದ ಧೈರ್ಯವಾಗಿ 10ಕೆ ರೆಸಿಸ್ಟರ್ ಹಾಕಬಹುದು. ಎಡಿಸಿಗೂ 10ಕೆ ಒಳಗಿನ ಮೂಲವೇ ಇಷ್ಟ, ತೇವಕ್ಕೂ ಅದು ಜಗ್ಗುವುದಿಲ್ಲ. ಭಾಗ ಜಾಸ್ತಿ, ಬೆಸುಗೆ ಜಾಸ್ತಿ, ಅಷ್ಟೇ.

ಬ್ಯಾಟರಿ ಅಳೆಯಲೆಂದೇ ಇರುವ ಎಂಎಎಕ್ಸ್17048 ತರಹದ ಗೇಜ್ ಚಿಪ್ ಎಷ್ಟು ಉಳಿದಿದೆ ಅಂತ ಶೇಕಡಾ ಲೆಕ್ಕವನ್ನೇ ಕೊಡುತ್ತದೆ. ಫೋನಿನಂಥ ವಸ್ತುವಿಗೆ ಸರಿ, ಟ್ಯಾಂಕ್ ಕಾಯಲು ಯಾಕೆ? ನಾನು ಶೇಕಡಾ ಕಳಿಸುವುದೇ ಇಲ್ಲ. ಲಿಥಿಯಂ ಸೆಲ್ 3.7ರ ಆಸುಪಾಸಿನಲ್ಲೇ ತುಂಬಾ ಹೊತ್ತು ನಿಲ್ಲುತ್ತದೆ, ಹಾಗಾಗಿ ವೋಲ್ಟೇಜ್ ನೋಡಿ ಶೇಕಡಾ ಹೇಳುವುದು ಕಷ್ಟ. ರೇಡಿಯೊ ಸಂದೇಶ ಕಳಿಸುತ್ತಿರುವಾಗಲೇ ಅಳೆದು ವೋಲ್ಟೇಜ್ ಕಳಿಸುತ್ತೇನೆ, ಸೊರಗಿದ ಸೆಲ್ ಆಗಲೇ ಕುಸಿಯುವುದು. 3.5 ಮುಟ್ಟಿದರೆ ಏಣಿ ಹಾಕಿ ಸೆಲ್ ಬದಲಿಸುತ್ತೇನೆ.