ಈಜುಕೊಳದ ಸಂಗೀತಚಿತ್ರಗಳು: ಪೋಸ್ಟರೋ, ಲಾಬಿ ಕಾರ್ಡೋ, ಸ್ಟಿಲ್ಲೋ?

ಎಸ್ತರ್ ವಿಲಿಯಮ್ಸ್ ನಾಯಕಿಯಾಗಿದ್ದ, ಹಾಲಿವುಡ್‌ನ ಎಂಜಿಎಂ ಸಂಸ್ಥೆಯ ಈಜು ಸಂಗೀತಚಿತ್ರಗಳ ಮೂಲ ಪ್ರಚಾರ ಸಾಮಗ್ರಿಯನ್ನು ಸಂಗ್ರಹಿಸಲು ಹೊರಟವರ ಮುಂದೆ ಮುಖ್ಯವಾಗಿ ಮೂರು ದಾರಿಗಳಿವೆ: ದೊಡ್ಡ ಪೋಸ್ಟರು, ಚಿತ್ರಮಂದಿರದ ಒಳಗೆ ತೂಗುಹಾಕುತ್ತಿದ್ದ ಸಣ್ಣ ಲಾಬಿ ಕಾರ್ಡು ಮತ್ತು ಸ್ಟಿಲ್ ಎನ್ನುವ ಕಪ್ಪು-ಬಿಳುಪಿನ ಪ್ರಚಾರದ ಫೋಟೊ. ಮೂರನ್ನೂ ಕೊಂಡು ನೋಡಿದ್ದೇನೆ. ನನ್ನ ಆಯ್ಕೆ ಲಾಬಿ ಕಾರ್ಡು. ಪೋಸ್ಟರನ್ನು ಮೊದಲು ಕೊಳ್ಳದೆ ಹೋಗಿದ್ದರೆ ಈ ತೀರ್ಮಾನಕ್ಕೆ ಬರಲು ನನಗೆ ಇಷ್ಟು ಹಣ ತಗಲುತ್ತಿರಲಿಲ್ಲ.

ನಾನು ಕೊಂಡದ್ದು 1949ರ ‘ನೆಪ್ಚೂನ್ಸ್ ಡಾಟರ್’ ಚಿತ್ರದ ಪೋಸ್ಟರು. ಮಡಿಕೆಗಳಿದ್ದವು, ಅದರ ಬಗ್ಗೆ ನನ್ನ ತಕರಾರಿಲ್ಲ, ಏಕೆಂದರೆ ಆ ಕಾಲದಲ್ಲಿ ಚಿತ್ರಮಂದಿರಗಳಿಗೆ ಪೋಸ್ಟರುಗಳನ್ನು ಮಡಚಿಯೇ ಕಳುಹಿಸುತ್ತಿದ್ದರು. ತೊಂದರೆ ಶುರುವಾದದ್ದು ಅದನ್ನು ಗೋಡೆಗೆ ಹಾಕಲು ಹೊರಟಾಗ. ಇಲ್ಲಿ ಅಮೆರಿಕದಲ್ಲಿ, ನಮ್ಮ ಮನೆಯ ಹತ್ತಿರದ ಅಂಗಡಿಯಲ್ಲಿ ‘ಸಿನಿಮಾ ಪೋಸ್ಟರ್ ಫ್ರೇಮ್’ ಎಂದೇ ಚೀಟಿ ಅಂಟಿಸಿದ್ದ ಸಿದ್ಧ ಚೌಕಟ್ಟೊಂದನ್ನು ತಂದು, ಊಟದ ಮೇಜಿನ ಮೇಲೆ ಪೋಸ್ಟರನ್ನು ಹರಡಿ ಕೂರಿಸಲು ನೋಡಿದರೆ, ಉದ್ದದಲ್ಲಿ ಸರಿಯಾಗಿ ಒಂದು ಅಂಗುಲ ಹೊರಗುಳಿಯಿತು. ಅಳತೆಪಟ್ಟಿ ಹಿಡಿದ ಮೇಲೆ ಕಾರಣ ತಿಳಿಯಿತು: ಹಳೆಯ ಪೋಸ್ಟರುಗಳು 27 ಅಂಗುಲ ಅಗಲ, 41 ಅಂಗುಲ ಉದ್ದ, 1980ರ ದಶಕದ ಮಧ್ಯಭಾಗದಿಂದ ಈಚಿನವು 40 ಅಂಗುಲ ಉದ್ದ. ಅಂಗಡಿಯ ಸಿದ್ಧ ಚೌಕಟ್ಟುಗಳೆಲ್ಲ ಈಚಿನವಕ್ಕೆ ಹೊಂದುವಂತೆ ಮಾಡಿದವು.

ಚೌಕಟ್ಟು ಕಟ್ಟುವ ಅಂಗಡಿಯವರು ಬಹಳ ಸಲೀಸಾಗಿ, ಕೆಳಗಿನ ಬಿಳಿ ಅಂಚಿನಲ್ಲಿ ಒಂದು ಅಂಗುಲ ಕತ್ತರಿಸಿಬಿಡೋಣವೇ ಎಂದು ಕೇಳಿದರು. ಆ ಅಂಚೇ ಪೋಸ್ಟರಿನ ಜಾತಕ. ನ್ಯಾಷನಲ್ ಸ್ಕ್ರೀನ್ ಸರ್ವಿಸ್ ಎಂಬ ವಿತರಣಾ ಸಂಸ್ಥೆಯ ಹೆಸರೂ, ‘49’ ಎಂದು ಆರಂಭವಾಗುವ, ಬಿಡುಗಡೆಯ ವರ್ಷವನ್ನು ಹೇಳುವ ಸಂಖ್ಯೆಯೂ ಇರುವುದು ಅಲ್ಲಿಯೇ. ಮರುಬಿಡುಗಡೆಯ ಪೋಸ್ಟರಾಗಿದ್ದರೆ ಆ ಸಂಖ್ಯೆಗೆ ಮೊದಲು ‘ಆರ್’ ಅಕ್ಷರ ಸೇರಿರುತ್ತದೆ. ಅದನ್ನು ಕತ್ತರಿಸಿದರೆ ನನ್ನ ಕೈಯಲ್ಲಿ ಉಳಿಯುವುದು ಒಂದು ಚಂದದ ಹಳೆಯ ಕಾಗದ ಮಾತ್ರ. ಅಳತೆ ಕೊಟ್ಟು ಹೊಸದಾಗಿ ಕಟ್ಟಿಸಲು ಕೇಳಿದ ಬೆಲೆ ಪೋಸ್ಟರಿನ ಬೆಲೆಯನ್ನೇ ಮೀರಿತ್ತು. ಮಡಿಕೆಗಳು ಸಪಾಟಾಗಲೆಂದು ಕ್ಯಾನ್ವಾಸ್ ಬಟ್ಟೆಯ ಮೇಲೆ ಅಂಟಿಸುವ ಕ್ರಮವೊಂದಿದೆ. ವಿಚಾರಿಸಿದಾಗ, ಸುತ್ತ ಬಿಡುವ ಬಟ್ಟೆಯ ಅಂಚಿನಿಂದ ಅಳತೆ ಇನ್ನಷ್ಟು ಹಿಗ್ಗುತ್ತದೆ ಎಂದು ತಿಳಿದು ಆ ಆಸೆಯನ್ನೂ ಬಿಟ್ಟೆ.

ಲಾಬಿ ಕಾರ್ಡು 11 ಅಂಗುಲಕ್ಕೆ 14 ಅಂಗುಲದ ದಪ್ಪ ಕಾಗದ. ಈ ಅಳತೆಯ ಚೌಕಟ್ಟು ಇಲ್ಲಿ ಯಾವ ಅಂಗಡಿಯಲ್ಲಿಯಾದರೂ ಸಿಗುತ್ತದೆ. ಗಾಜು ಚಿತ್ರಕ್ಕೆ ತಾಗಬಾರದೆಂದರೆ 16ಕ್ಕೆ 20ರ ಚೌಕಟ್ಟಿನೊಳಗೆ ರಟ್ಟಿನ ಅಂಚು ಹಾಕಿ ಕೂರಿಸಬಹುದು. ಚಿತ್ರಮಂದಿರದ ಒಳಾಂಗಣದಲ್ಲಿ ಪ್ರೇಕ್ಷಕರನ್ನು ಸೆಳೆಯಲು ಇವನ್ನು ಸಾಮಾನ್ಯವಾಗಿ ಎಂಟರ ಗುಂಪಾಗಿ ತೂಗುಹಾಕುತ್ತಿದ್ದರು. ನಮ್ಮೂರಿನ ಟಾಕೀಸಿನ ಗಾಜಿನ ಪೆಟ್ಟಿಗೆಯೊಳಗಿನ ಫೋಟೊಗಳ ಮುಂದೆ ಟಿಕೆಟ್ಟಿಗೂ ಮೊದಲು ನಿಂತು ಬೆಳೆದ ನನಗೆ ಈ ಕಾರ್ಡುಗಳು ಹತ್ತಿರವೆನಿಸುವುದು ಸಹಜ. ಮೂಲೆಗಳಲ್ಲಿ ಗುಂಡುಸೂಜಿಯ ತೂತುಗಳಿದ್ದರೆ ಅದನ್ನು ದೋಷವೆಂದು ನಾನು ಎಣಿಸುವುದಿಲ್ಲ, ಮಾರುವವರು ಬೆಲೆ ಇಳಿಸಿದರೆ ಬೇಡವೆನ್ನುವುದೂ ಇಲ್ಲ.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ಎಂಟು ಕಾರ್ಡುಗಳಲ್ಲಿ ನೀರು ಕಾಣುವುದು ಕೆಲವದರಲ್ಲಿ ಮಾತ್ರ; ಉಳಿದವುಗಳಲ್ಲಿ ಎಸ್ತರ್ ಒಣ ಬಟ್ಟೆಯಲ್ಲಿ, ಯಾವುದೋ ಕೋಣೆಯಲ್ಲಿ, ಯಾರೊಡನೆಯೋ ಮಾತನಾಡುತ್ತಿರುತ್ತಾರೆ. ನಾನು ಕೊಂಡ ಕಡೆಗಳಲ್ಲೆಲ್ಲ ನೀರಿನ ಕಾರ್ಡಿಗೆ ಬೆಲೆ ಹೆಚ್ಚು. ಅದರಲ್ಲೂ 1952ರ ‘ಮಿಲಿಯನ್ ಡಾಲರ್ ಮರ್ಮೇಡ್’ ಚಿತ್ರದಲ್ಲಿ ಬಸ್ಬಿ ಬರ್ಕ್ಲಿ ಸಂಯೋಜಿಸಿದ ಜಲನೃತ್ಯದ ಕಾರ್ಡನ್ನು ಹರಾಜಿನಲ್ಲಿ ಎರಡು ಸಲ ಕಳೆದುಕೊಂಡಿದ್ದೇನೆ. ಚಿನ್ನದ ಬಣ್ಣದ ಕಿರೀಟ ಧರಿಸಿ ಎತ್ತರದಿಂದ ಧುಮುಕುವ ದೃಶ್ಯದಲ್ಲಿ ಎಸ್ತರ್ ಕುತ್ತಿಗೆಯ ಮೂಳೆಗಳು ಮುರಿದದ್ದು ಈ ಚಿತ್ರದ ಚಿತ್ರೀಕರಣದಲ್ಲಿಯೇ ಆದ್ದರಿಂದ ಸಂಗ್ರಾಹಕರ ಕಣ್ಣು ಇದರ ಮೇಲೆ ಹೆಚ್ಚು. ಒಂಟಿ ಕಾರ್ಡುಗಳನ್ನು ಬಿಡಿಬಿಡಿಯಾಗಿ ಕೊಳ್ಳುವುದೇ ಲೇಸು. ಪೂರ್ತಿ ಸೆಟ್ಟಿಗೆ ಹಣ ಕೊಟ್ಟರೆ ಆ ಒಣ ಕೋಣೆಗಳಿಗೂ ಕೊಟ್ಟಂತಾಗುತ್ತದೆ.

ಸ್ಟಿಲ್ಲುಗಳು 8ಕ್ಕೆ 10 ಅಂಗುಲದವು, ಮೂರರಲ್ಲಿ ನನಗೆ ಅಗ್ಗವಾಗಿ ಸಿಕ್ಕವು. ಪತ್ರಿಕಾ ಕಚೇರಿಯಿಂದ ಹೊರಬಿದ್ದ ಪ್ರತಿಯಾದರೆ ಹಿಂಬದಿಯಲ್ಲಿ ವಿವರಣೆಯ ಚೀಟಿಯೂ ತಾರೀಖಿನ ಮುದ್ರೆಯೂ ಇರುವುದುಂಟು, ಓದಲು ಸೊಗಸು. ಆದರೆ ನಾನು ಸಂಗ್ರಹಿಸುತ್ತಿರುವುದು ಟೆಕ್ನಿಕಲರ್ ಎಂಬ ವರ್ಣವಿಧಾನದ ಚಿತ್ರಗಳನ್ನು, ಕೊಳದ ನೀಲಿಯೂ ಈಜುಡುಗೆಯ ಕೆಂಪೂ ಇಲ್ಲದಿದ್ದರೆ ಅರ್ಧ ಆಕರ್ಷಣೆಯೇ ಇಲ್ಲವಾಗುವ ಚಿತ್ರಗಳನ್ನು. ನಂತರದ ವರ್ಷಗಳಲ್ಲಿ ತೆಗೆದ ಮರುಪ್ರತಿಗಳನ್ನು ಮೂಲವೆಂದು ಮಾರುವ ಹಾವಳಿಯೂ ಇವುಗಳಲ್ಲಿಯೇ ನನಗೆ ಹೆಚ್ಚು ಕಂಡಿತು.

ತಿಂಗಳಿಗೆ ಒಂದು ಸಣ್ಣ ಮೊತ್ತವನ್ನಷ್ಟೇ ಈ ಹವ್ಯಾಸಕ್ಕೆ ಎತ್ತಿಡುವ, ಬಾಡಿಗೆ ಮನೆಯ ಗೋಡೆಗೆ ಹೆಚ್ಚು ಮೊಳೆ ಹೊಡೆಯಲಾಗದ ನನ್ನಂಥವರು ಕಾರ್ಡನ್ನೇ ಆರಿಸಿಕೊಳ್ಳಲಿ. ಒಂದೇ ಒಂದು ವಸ್ತು ಗೋಡೆಯನ್ನು ತುಂಬಬೇಕೆನ್ನುವವರು ಪೋಸ್ಟರು ಕೊಳ್ಳಲಿ, ಆದರೆ ಚೌಕಟ್ಟಿನ ಬೆಲೆಯನ್ನು ಮೊದಲೇ ವಿಚಾರಿಸಿಕೊಳ್ಳಲಿ. ನನ್ನ ಪೋಸ್ಟರು ಈಗಲೂ ಕೊಳವೆಯೊಳಗೆ ಸುರುಳಿಯಾಗಿ ಮಂಚದ ಕೆಳಗಿದೆ. ಆ ಸಿದ್ಧ ಚೌಕಟ್ಟಿನಲ್ಲಿ ಮಗಳ ಶಾಲೆಯ ನಕಾಶೆ ನೇತಾಡುತ್ತಿದೆ.