ಜಬೋಟಿಕಾಬ ಎಂದು ನಂಬಿ ಮೂರು ವರ್ಷ ಸಾಕಿದ ಗಿಡ: ಕೊಳ್ಳುವ ಮೊದಲು ದಯವಿಟ್ಟು ಓದಿ

ಮೊದಲೇ ಹೇಳಿಬಿಡುತ್ತೇನೆ. ವಾಟ್ಸಾಪ್‌ನಲ್ಲಿ ಬರುವ ವಿಡಿಯೊ ನೋಡಿ ಜಬೋಟಿಕಾಬ ಎಂಬ ಹಣ್ಣಿನ ಮರದ ಕಸಿ ಗಿಡಕ್ಕೆಂದು ಯಾರೂ ಹಣ ಕಳುಹಿಸಬೇಡಿ. ನಾನು ಕಳುಹಿಸಿ ಮೋಸ ಹೋಗಿದ್ದೇನೆ. ನನ್ನ ಮಾತು ನಂಬಿ ನನ್ನ ಭಾವನೂ ಪಕ್ಕದ ಮನೆಯವರೂ ಮೋಸ ಹೋಗಿದ್ದಾರೆ. ಹಣ ಹೋದುದಕ್ಕಿಂತ ಇದೇ ನನಗೆ ಹೆಚ್ಚು ನೋವು ಕೊಡುತ್ತಿದೆ.

ಅದು 2021ರ ಜೂನ್. ನಮ್ಮ ಪುತ್ತೂರಿನ ಕಡೆ ರಂಬುಟಾನ್, ಮ್ಯಾಂಗೋಸ್ಟೀನ್‌ನಂತಹ ಪರದೇಶದ ಹಣ್ಣಿನ ಗಿಡ ನೆಡುವ ಉತ್ಸಾಹ ಜೋರಾಗಿತ್ತು. ಅಂಗಳದ ಬದಿಯಲ್ಲಿ ನೋಡಲೂ ಚೆಂದವಿರುವ, ಹಣ್ಣನ್ನೂ ಕೊಡುವ ಮರವೊಂದು ಇರಲಿ ಎಂಬ ಆಸೆ ನನಗಿತ್ತು. ಬ್ರೆಜಿಲ್ ಮೂಲದ ಜಬೋಟಿಕಾಬ ಅದಕ್ಕೆ ಹೇಳಿ ಮಾಡಿಸಿದ ಮರ. ನಮ್ಮ ಹಲಸಿನಂತೆ ಅದೂ ಕಾಂಡಕ್ಕೇ ಕಾಯಿ ಬಿಡುತ್ತದೆ. ಮೊದಲು ತೊಗಟೆಯ ತುಂಬ ಬಿಳಿ ಹೂ, ಆಮೇಲೆ ಕಪ್ಪು ದ್ರಾಕ್ಷಿಯಂತಹ ಹಣ್ಣು. ಕಿತ್ತ ಮೂರು ನಾಲ್ಕು ದಿನಗಳಲ್ಲೇ ಹಣ್ಣು ಹುಳಿಯತೊಡಗುವುದರಿಂದ ಅಂಗಡಿಗೆ ಬರುವುದು ಅಪರೂಪ. ಹಾಗಾಗಿ ನಮ್ಮಲ್ಲಿ ಹೆಚ್ಚಿನವರು ಅದನ್ನು ಕಂಡಿರುವುದು ಫೋನಿನಲ್ಲಿ ಮಾತ್ರ. ವಿಡಿಯೊ ಕಳುಹಿಸಿ ಗಿಡ ಮಾರುವವನಿಗೆ ಇದು ಚೆನ್ನಾಗಿ ಗೊತ್ತಿತ್ತು.

ಬೀಜದಿಂದ ಎದ್ದ ಜಬೋಟಿಕಾಬ ಫಲ ಕೊಡಲು ಎಂಟು ಹತ್ತು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಯಬೇಕಾಗುತ್ತದೆ ಎಂದು ಓದಿದ್ದರಿಂದ ನಾನು ಅವನ ಹತ್ತಿರ ಕಸಿ ಗಿಡವನ್ನೇ ಕೇಳಿದೆ. "ಕಸಿಯದ್ದೇ ಸಾರ್, ಮೂರನೇ ವರ್ಷಕ್ಕೆ ಫಸಲು" ಎಂದ. ಗಿಡಕ್ಕೆ 2,500 ರೂಪಾಯಿ, ಸಾಗಾಟಕ್ಕೆ 300. ಹಣ ಹೋದದ್ದು ಅವನ ಸ್ವಂತ ಫೋನ್ ಸಂಖ್ಯೆಗೆ. ಬಿಲ್ಲು ಕೊಡಲಿಲ್ಲ, ನಾನೂ ಕೇಳಲಿಲ್ಲ.

ಬಂದ ಗಿಡ ಮೊಣಕಾಲೆತ್ತರವಿತ್ತು. ಬುಡದಿಂದ ನಾಲ್ಕು ಬೆರಳು ಮೇಲೆ ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ ಸುತ್ತಿತ್ತು. "ಒಂದು ವರ್ಷ ಬಿಚ್ಚಬೇಡಿ ಸಾರ್, ಕಸಿ ಕಳಚಿಹೋಗುತ್ತದೆ" ಎಂದು ಎರಡೆರಡು ಸಲ ಹೇಳಿದ್ದ. ಮಾವಿಗೆ ಕಸಿ ಕಟ್ಟಿದವರಿಗೆಲ್ಲ ಗೊತ್ತು, ಕೂಡಿಕೊಂಡ ಮೇಲೆ ಕೆಲವು ತಿಂಗಳಲ್ಲೇ ಪಟ್ಟಿ ಬಿಚ್ಚದಿದ್ದರೆ ಅದು ಕಾಂಡವನ್ನೇ ಕತ್ತರಿಸುತ್ತದೆ. ನನಗೂ ಗೊತ್ತಿತ್ತು. ಆದರೂ ಪರದೇಶದ ಗಿಡದ ಕ್ರಮ ಬೇರೆ ಇರಬಹುದು ಎಂದುಕೊಂಡು, ಸುಡುಮಣ್ಣು, ಹಟ್ಟಿಗೊಬ್ಬರ ಹಾಕಿ, ಒಂದು ವರ್ಷ ಅದನ್ನು ಮುಟ್ಟದೆ ಕಾದೆ.

ಮರುವರ್ಷ ಮಳೆ ಹಿಡಿಯುವ ಮುಂಚೆ ಬುಡದಲ್ಲಿ ಕುಳಿತು ಪಟ್ಟಿಯನ್ನು ಸುತ್ತು ಸುತ್ತಾಗಿ ಬಿಚ್ಚಿದೆ. ಒಳಗೆ ಕಸಿ ಕೂಡಿದ ಗಂಟಿಲ್ಲ, ಗೀರಿಲ್ಲ, ಮೇಲಿನ ತೊಗಟೆಗೂ ಕೆಳಗಿನ ತೊಗಟೆಗೂ ಬಣ್ಣದಲ್ಲಿ ಒಂದಿಷ್ಟೂ ವ್ಯತ್ಯಾಸವಿಲ್ಲ. ಪಟ್ಟಿ ಬಿಗಿದ ಗುರುತೊಂದು ಬಳೆಯಂತೆ ಉಳಿದಿತ್ತು, ಅಷ್ಟೇ. ಕಸಿ ಕಟ್ಟದ ಗಿಡಕ್ಕೆ ಬರಿಯ ಪಟ್ಟಿ ಸುತ್ತಿದ್ದರು. ಚಿತ್ರ ತೆಗೆದು ಕಳುಹಿಸಿದೆ. ಅವನ ಉತ್ತರ: "ಅದು ಕೂಡಿಕೊಂಡು ಬಿಟ್ಟಿದೆ ಸಾರ್. ನಮ್ಮ ಕೆಲಸದವರು ಅಷ್ಟು ನೀಟಾಗಿ ಕಟ್ಟುತ್ತಾರೆ."

ನಾನು ಅದನ್ನು ನಂಬಿದೆ. ಕಣ್ಣಿನೆದುರು ಇದ್ದುದನ್ನು ಬಿಟ್ಟು ಅವನ ಮಾತನ್ನು ನಂಬಿದೆ. ನಂಬಿದ್ದಷ್ಟೇ ಅಲ್ಲ, ಅದೇ ವಾರ ಭಾವನಿಗೆ ಅವನ ಸಂಖ್ಯೆ ಕೊಟ್ಟೆ. ಭಾವ ಎರಡು ಗಿಡ ತರಿಸಿದರು, ಪಕ್ಕದ ಮನೆಯವರು ಒಂದು.

2024ರ ಮಾರ್ಚಿನಲ್ಲಿ ಹೂ ಬಂತು. ಕಾಂಡದಲ್ಲಲ್ಲ, ಸಪೂರ ರೆಂಬೆಗಳಲ್ಲಿ, ಉದ್ದ ತೊಟ್ಟಿನ ತುದಿಗೆ ನೇತಾಡುವ ಬಿಳಿ ಹೂ. ಸುಮಾರು ಮೂರು ವಾರಗಳಲ್ಲಿ ಹಣ್ಣಾಯಿತು: ಮೈಯೆಲ್ಲ ಏಣು ಏಣಾಗಿ, ಹಸಿರು ಹೋಗಿ ಕಿತ್ತಳೆ, ಆಮೇಲೆ ಕೆಂಪು. ಮನೆಗೆ ಬಂದಿದ್ದ ಅಕ್ಕ ಅದನ್ನು ಅಂಗೈಯಲ್ಲಿ ಹಿಡಿದು, "ನೀನು ದ್ರಾಕ್ಷಿಯ ಹಾಗೆ ಇರ್ತದೆ ಅಂದದ್ದಲ್ವಾ? ಇದು ಸಣ್ಣ ಚೀನಿಕಾಯಿಯ ಹಾಗೆ ಉಂಟಲ್ಲ" ಎಂದಳು. ಚೀನಿಕಾಯಿ ಎಂದರೆ ನಮ್ಮ ಕಡೆ ಸಿಹಿಗುಂಬಳ. ನಮ್ಮ ಗಿಡ ನೋಡಿಯೇ ಅವರ ಮನೆಯಲ್ಲಿ ಎರಡು ಗುಂಡಿ ತೋಡಿದ್ದರು. ಅವಳಿಗೆ ಉತ್ತರ ಕೊಡಲು ನನ್ನಿಂದ ಆಗಲಿಲ್ಲ.

ಬಹಳ ವರ್ಷಗಳಿಂದ ಹಣ್ಣಿನ ಗಿಡ ಬೆಳೆಸುತ್ತಿರುವ ಹಿರಿಯರೊಬ್ಬರು ಒಂದು ಎಲೆಯನ್ನು ಹೊಸಕಿ ಮೂಸಿ, ಸುರಿನಾಮ್ ಚೆರ್ರಿ ಎಂದರು. ಅದೂ ದಕ್ಷಿಣ ಅಮೆರಿಕದ್ದು, ಜಬೋಟಿಕಾಬ, ನೇರಳೆ, ಪೇರಳೆಗಳ ಕುಟುಂಬಕ್ಕೇ ಸೇರಿದ್ದು. ಎರಡರ ಚಿಗುರೂ ಕೆಂಪು ಛಾಯೆಯದ್ದಾದ್ದರಿಂದ ಸಣ್ಣ ಗಿಡದಲ್ಲಿ ನಮ್ಮಂತಹವರಿಗೆ ಭೇದ ತಿಳಿಯುವುದಿಲ್ಲ. ಬೀಜ ಬಿದ್ದಲ್ಲಿ ಸುಲಭವಾಗಿ ಹುಟ್ಟಿ ಎರಡು ಮೂರು ವರ್ಷಕ್ಕೆ ಕಾಯಿ ಬಿಡುವ, ಬೇಲಿಗೂ ನೆಡುವ ಗಿಡ ಅದು. ಕೆಟ್ಟ ಗಿಡವೇನಲ್ಲ. ಆದರೆ ನಾನು ಹಣ ಕೊಟ್ಟದ್ದು ಅದಕ್ಕಲ್ಲ.

ಅವನಿಗೆ ಬರೆದೆ. ಮೊದಲ ಉತ್ತರ: "ಮೊದಲ ಫಸಲು ಹಾಗೇ ಸಾರ್, ಮುಂದಿನ ವರ್ಷ ಸರಿಯಾಗುತ್ತದೆ." ಮೊದಲ ವರ್ಷ ಒಂದು ಜಾತಿಯ ಹಣ್ಣು, ಮರುವರ್ಷ ಇನ್ನೊಂದು ಜಾತಿಯದು ಬಿಡುವ ಗಿಡ ಎಲ್ಲಿಯಾದರೂ ಉಂಟೇ? ಎರಡನೆಯ ಉತ್ತರ: "ನಿಮ್ಮ ಮಣ್ಣಿನ ದೋಷ." ಜಬೋಟಿಕಾಬಕ್ಕೆ ಹುಳಿ (ಆಮ್ಲೀಯ) ಮಣ್ಣು ಇಷ್ಟ, ನಮ್ಮ ಮುರಮಣ್ಣು ಹುಳಿಯದ್ದೇ, ಮಣ್ಣು ಸರಿಯಿಲ್ಲದಿದ್ದರೆ ಎಲೆ ಹಳದಿಯಾದೀತು, ಗಿಡದ ಜಾತಿ ಬದಲಾಗುವುದಿಲ್ಲ. ಮೂರನೆಯದು: "ಮೂರು ವರ್ಷ ಆದ ಮೇಲೆ ಕೇಳಿದರೆ ನಾನೇನು ಮಾಡಲಿ? ಬೇಕಾದರೆ ಇನ್ನೊಂದು ಗಿಡ ಅರ್ಧ ಬೆಲೆಗೆ ಕೊಡುತ್ತೇನೆ." ಅದಾದ ಮೇಲೆ ನನ್ನ ಸಂಖ್ಯೆಯನ್ನೇ ಬ್ಲಾಕ್ ಮಾಡಿದ.

ಮೂರು ವರ್ಷ ಆದ ಮೇಲೆ! ಹಣ್ಣು ಬಿಡುವವರೆಗೆ ಸುಳ್ಳು ಹೊರಬೀಳುವುದಿಲ್ಲ ಎಂಬುದರ ಮೇಲೆಯೇ ಅವನ ವ್ಯಾಪಾರ ನಿಂತಿದೆ. ಗ್ರಾಹಕ ಆಯೋಗಕ್ಕೆ ಹೋಗೋಣವೆಂದರೆ ಕೈಯಲ್ಲಿ ಬಿಲ್ಲಿಲ್ಲ, ದೂರಿಗೆ ಸಾಮಾನ್ಯವಾಗಿ ಇರುವ ಎರಡು ವರ್ಷದ ಗಡುವು ಬೇರೆ.

ಜಬೋಟಿಕಾಬ ಬೇಕೆಂದರೆ ಕಾಯಿ ಬಿಟ್ಟ ತಾಯಿ ಮರವನ್ನು ಕಣ್ಣಾರೆ ನೋಡಿ, ಅಲ್ಲಿಂದಲೇ ತನ್ನಿ. ಕಸಿ ಎಂದರೆ ಪಟ್ಟಿಯನ್ನು ಅವರ ಕೈಯಲ್ಲೇ ಬಿಚ್ಚಿಸಿ ಗಂಟು ನೋಡಿ. ಬಿಚ್ಚುವುದಿಲ್ಲ ಎಂದರೆ ಗಿಡ ಬಿಟ್ಟು ಬನ್ನಿ. ಗಿಡದ ಹೆಸರು ಬರೆದ ಬಿಲ್ಲು ಕೊಡದವನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಇದನ್ನು ಈಗ ಬರೆಯಲು ಕಾರಣವಿದೆ. ಕಪ್ಪು ಹಣ್ಣು ತುಂಬಿದ ಕಾಂಡವನ್ನು ಕೈಯೊಂದು ಸವರುವ ಅದೇ ವಿಡಿಯೊ ಕಳೆದ ವಾರ ಬೇರೊಂದು ಸಂಖ್ಯೆಯಿಂದ ಭಾವನ ಫೋನಿಗೆ ಬಂದಿದೆ. ಕಸಿ ಗಿಡವೆಂದೇ ಬರೆದಿದ್ದಾರೆ. ಬೆಲೆ 3,200 ರೂಪಾಯಿ.