ರೋಲರ್ ತೊಟ್ಟಿ ವಾಷರ್: 7 ಇಂಚಿನ ಹಳೆಯ ಸಿಂಗಲ್‌ಗಳಿಗೆ ಎಷ್ಟು ಸರಿ?

ರೆಕಾರ್ಡ್ ತೊಳೆಯುವ ಸಾಧನಗಳ ವಿಮರ್ಶೆಗಳಲ್ಲಿ ಹೆಚ್ಚಿನವು 12 ಇಂಚಿನ ದೊಡ್ಡ ಪ್ಲೇಟನ್ನು, ಅಂದರೆ ಎಲ್‌ಪಿಯನ್ನು, ಎದುರಿಗಿಟ್ಟುಕೊಂಡು ಬರೆದವು. ಸಾಮಾನ್ಯವಾಗಿ ಬದಿಗೊಂದೇ ಹಾಡಿರುವ ಚಿಕ್ಕ ಪ್ಲೇಟುಗಳಾದ ಸಿಂಗಲ್‌ಗಳ ಪಾಲಿಗೆ ಕೊನೆಯಲ್ಲೊಂದು ಸಾಲು ಸಿಕ್ಕರೆ ಹೆಚ್ಚು: ‘ಚಿಕ್ಕ ಪ್ಲೇಟುಗಳಿಗೂ ಬಳಸಬಹುದು.’ ಬಳಸಬಹುದೇನೋ ನಿಜ. ಆದರೆ ಹಳೆಯ ಸಿಂಗಲ್‌ನ ಅಂಚು, ನಡುವಿನ ತೂತು, ಎಷ್ಟೋ ಸಲ ಪ್ಲಾಸ್ಟಿಕ್ ಕೂಡ ಎಲ್‌ಪಿಯದ್ದಕ್ಕಿಂತ ಬೇರೆ. ಅದರ ಜೊತೆಗೆ ನಡುವಿನ ದುಂಡು ಲೇಬಲ್ ಮೇಲೆ ಯಾರದೋ ಕೈಬರಹವಿರುತ್ತದೆ: ಒಂದು ಹೆಸರು, ಉಡುಗೊರೆ ಕೊಟ್ಟ ತಾರೀಖು, ಯಾವ ಹಾಡಿನ ನಂತರ ಯಾವುದು ಎಂಬ ಕ್ರಮಸಂಖ್ಯೆ. ಅನೇಕರು ಹಳೆಯ ಸಿಂಗಲ್ ಹುಡುಕುವುದೇ ಈ ಗುರುತುಗಳಿಗಾಗಿ. ಹಾಗಾಗಿ ಇಲ್ಲಿ ವಾಷರನ್ನು ಎರಡು ಲೆಕ್ಕದಲ್ಲಿ ನೋಡಬೇಕು. ಮುಳ್ಳು ಓಡುವ ಗೆರೆ, ಅಂದರೆ ಗ್ರೂವ್, ಎಷ್ಟು ಶುದ್ಧವಾಯಿತು? ಲೇಬಲ್ ಎಷ್ಟು ಒಣಗಿ ಉಳಿಯಿತು?

ಇಲ್ಲಿ ನೋಡುತ್ತಿರುವುದು ಕೈಯಲ್ಲಿ ತಿರುಗಿಸುವ ತೊಟ್ಟಿ ಮಾದರಿ. ಇದರಲ್ಲಿ ಹೆಚ್ಚು ಪರಿಚಿತ ಹೆಸರು ಸ್ಪಿನ್-ಕ್ಲೀನ್. ಅದೇ ವಿನ್ಯಾಸದ ಬೇರೆ ಕಂಪನಿಗಳ ತೊಟ್ಟಿಗಳೂ ಉಂಟು. ಇರುವುದು ಇಷ್ಟೇ: ಒಂದು ಉದ್ದನೆಯ ಪ್ಲಾಸ್ಟಿಕ್ ತೊಟ್ಟಿ, ಎದುರುಬದುರಾಗಿ ನಿಲ್ಲುವ ಎರಡು ಬ್ರಷ್‌ಗಳು, ಪ್ಲೇಟಿನ ಅಂಚು ಕೂರುವ ಎರಡು ರೋಲರ್‌ಗಳು, ಒಂದು ಸೀಸೆ ದ್ರಾವಣ, ಎಳೆ ಬಿಡದ ಬಟ್ಟೆ. ರೋಲರ್ ಕೂರಿಸಲು 7, 10, 12 ಇಂಚಿಗೆ ಬೇರೆ ಬೇರೆ ಕುಳಿಗಳಿವೆ. ಪ್ಲೇಟು ಬ್ರಷ್‌ಗಳ ನಡುವೆ ನೆಟ್ಟಗೆ ನಿಲ್ಲುತ್ತದೆ, ಕೆಳಭಾಗ ಮಾತ್ರ ನೀರಿನಲ್ಲಿ. ಮೋಟಾರಿಲ್ಲ, ಕೆಡುವಂಥದ್ದೇನೂ ಇಲ್ಲ.

ಸಿಂಗಲ್‌ಗಳಿಗೆ ಈ ವಿನ್ಯಾಸದ ದೊಡ್ಡ ಅನುಕೂಲ, ಪ್ಲೇಟನ್ನು ಅದು ಅಂಚಿನಿಂದ ಹಿಡಿಯುತ್ತದೆ. 1949ರಲ್ಲಿ ಅಮೆರಿಕದ ಆರ್‌ಸಿಎ ವಿಕ್ಟರ್ ಕಂಪನಿ 45 ಆರ್‌ಪಿಎಂ (ನಿಮಿಷಕ್ಕೆ 45 ಸುತ್ತು) ಪ್ಲೇಟು ತಂದಾಗಿನಿಂದ ಬಂದಿರುವ ದೊಡ್ಡ ತೂತು ಸುಮಾರು 38 ಮಿ.ಮೀ. ಅಗಲ. ನಡುವಿನ ಗೂಟಕ್ಕೆ, ಅಂದರೆ ಸ್ಪಿಂಡಲ್‌ಗೆ, ಸಿಕ್ಕಿಸಿ ತೊಳೆಯುವ ಯಂತ್ರಗಳಲ್ಲಿ ಇದಕ್ಕೆ ಅಡಾಪ್ಟರ್ ಬೇಕು, ಅದು ಸಡಿಲವಿದ್ದರೆ ಪ್ಲೇಟು ಓಲಾಡುತ್ತದೆ. ತೊಟ್ಟಿಗೆ ತೂತು ದೊಡ್ಡದೋ ಚಿಕ್ಕದೋ ಎಂಬ ಗೊಡವೆಯಿಲ್ಲ.

ಕಷ್ಟ ಶುರುವಾಗುವುದು ನೀರಿನ ಮಟ್ಟದಲ್ಲಿ. ಸಿಂಗಲ್‌ನ ವ್ಯಾಸ ಸುಮಾರು 175 ಮಿ.ಮೀ., ಲೇಬಲ್ಲಿನದು ಸುಮಾರು 90. ಅಂದರೆ ಕೆಳ ಅಂಚಿನಿಂದ ಲೇಬಲ್‌ವರೆಗೆ 42 ಮಿ.ಮೀ. ಆಸುಪಾಸು. ಹಾಡಿನ ಕೊನೆಯ ಗ್ರೂವ್ ಸಾಮಾನ್ಯವಾಗಿ 108 ಮಿ.ಮೀ. ವ್ಯಾಸದ ಹತ್ತಿರ ಮುಗಿಯುತ್ತದೆ, ಕೆಳ ಅಂಚಿನಿಂದ ಅಳೆದರೆ 34 ಮಿ.ಮೀ. ನೀರು 34ಕ್ಕಿಂತ ಕಮ್ಮಿಯಾದರೆ ಹಾಡಿನ ಕೊನೆಯ ಭಾಗ ನೆನೆಯುವುದಿಲ್ಲ, 42 ದಾಟಿದರೆ ಲೇಬಲ್ ಒದ್ದೆ. ನಡುವೆ ಸಿಗುವುದು ಎಂಟೇ ಮಿಲಿಮೀಟರ್. ತಿರುಗಿಸುವಾಗ ಏಳುವ ಅಲೆ, ಬ್ರಷ್ಷಿನಿಂದ ಮೇಲಕ್ಕೆ ಸೆಳೆದುಕೊಳ್ಳುವ ನೀರು ಇವನ್ನು ಕಳೆದರೆ ಅಷ್ಟೂ ಇಲ್ಲ. ದೊಡ್ಡ ಪ್ಲೇಟಿನಲ್ಲೂ ಈ ಅಂತರ ಸುಮಾರು ಹತ್ತು ಮಿಲಿಮೀಟರೇ, ಆದರೆ ಅದು ಭಾರವಾಗಿ, ನಿಧಾನವಾಗಿ ತಿರುಗುತ್ತದೆ. ಸಿಂಗಲ್ ಕೈಗೆ ಹಗುರವಾಗಿರುವುದರಿಂದ ಗೊತ್ತಿಲ್ಲದೆಯೇ ವೇಗವಾಗಿ ತಿರುಗಿಸುತ್ತೇವೆ, ನೀರು ಚಿಮ್ಮುತ್ತದೆ.

ಆದ್ದರಿಂದ ತೊಟ್ಟಿಯ ಮೇಲೆ ಅಚ್ಚಾಗಿರುವ ಗೆರೆಯನ್ನು ಕಣ್ಣು ಮುಚ್ಚಿ ನಂಬಬೇಡಿ. ರೋಲರ್‌ಗಳನ್ನು 7 ಇಂಚಿನ ಕುಳಿಗೆ ಹಾಕಿ, ಕೆಲಸಕ್ಕೆ ಬಾರದ ಒಂದು ಪ್ಲೇಟನ್ನು ಇಳಿಸಿ, ಗೆರೆಗಿಂತ ಸ್ವಲ್ಪ ಕಡಿಮೆ ನೀರು ತುಂಬಿ ನಾಲ್ಕು ಸುತ್ತು ತಿರುಗಿಸಿ. ಲೇಬಲ್ ಒಣಗಿದ್ದರೆ ಚಮಚ ಚಮಚವಾಗಿ ನೀರು ಸೇರಿಸುತ್ತ ಬನ್ನಿ. ಲೇಬಲ್ ಅಂಚಿಗೆ ಹನಿ ಮುಟ್ಟುವ ಮುನ್ನ ನಿಲ್ಲಿಸಿ, ಆ ಮಟ್ಟಕ್ಕೆ ಹೊರಗಿನಿಂದ ಟೇಪ್ ಅಂಟಿಸಿಕೊಳ್ಳಿ. ಒಮ್ಮೆ ಮಾಡಿಟ್ಟರೆ ಸಾಕು.

ನೀರಿಗೆ ಇಳಿಸುವ ಮೊದಲು ಪ್ಲೇಟು ಯಾವುದರದ್ದು ಎಂದು ನೋಡಬೇಕು. 78 ಆರ್‌ಪಿಎಂನ ಶೆಲ್ಯಾಕ್ (ಅರಗಿನ) ಪ್ಲೇಟಿಗೆ ಆಲ್ಕೋಹಾಲ್ ಬೆರೆತ ದ್ರಾವಣ ಸೋಕಲೇಬಾರದು, ಮೇಲ್ಮೈ ಕರಗುತ್ತದೆ. ಸಿಂಗಲ್‌ಗಳಲ್ಲಿ ಅಪಾಯ ಬೇರೆ ಕಡೆ ಇದೆ. ಅಮೆರಿಕದಲ್ಲಿ ತಯಾರಾದ ಹಳೆಯ 45ಗಳಲ್ಲಿ ಬಹಳಷ್ಟು ವಿನೈಲ್ ಅಲ್ಲ, ಪಾಲಿಸ್ಟೈರೀನ್. ವಿನೈಲ್‌ನಲ್ಲಿ ಲೇಬಲ್ ಬಿಸಿ ಅಚ್ಚಿನಲ್ಲಿ ಪ್ಲೇಟಿನ ಜೊತೆಗೇ ಒತ್ತಿಕೊಂಡಿರುತ್ತದೆ, ಅಂಟು ಇರುವುದಿಲ್ಲ. ಸ್ಟೈರೀನ್‌ನಲ್ಲಿ ಕಾಗದದ ಲೇಬಲನ್ನು ಆಮೇಲೆ ಅಂಟಿಸಿರುತ್ತಾರೆ, ಇಲ್ಲವೇ ಪ್ಲಾಸ್ಟಿಕ್ ಮೇಲೇ ಅಚ್ಚು ಹಾಕಿರುತ್ತಾರೆ. ಅಂಟಿನ ಲೇಬಲ್ ಒದ್ದೆಯಾದರೆ ಅಂಚು ಏಳುತ್ತದೆ, ಗುಳ್ಳೆ ಬರುತ್ತದೆ. ಗುರುತಿಸುವುದು ಸುಲಭ: ಸ್ಟೈರೀನ್ ಹಗುರ, ಬಾಗುವುದಿಲ್ಲ, ಉಗುರಿನಿಂದ ತಟ್ಟಿದರೆ ಟಣ್ಣೆಂದು ಚೂಪಾದ ಸದ್ದು. ವಿನೈಲ್ ತಟ್ಟಿದರೆ ಮೊಂಡು ಸದ್ದು. ಬಾಗಿಸಿ ಪರೀಕ್ಷೆ ಮಾಡಲು ಮಾತ್ರ ಹೋಗಬೇಡಿ, ಸ್ಟೈರೀನ್ ಸೀಳುತ್ತದೆ.

ಕೈಬರಹವನ್ನೂ ಹೀಗೇ ವಿಂಗಡಿಸಿ. ಪೆನ್ಸಿಲ್ ಮತ್ತು ಬಾಲ್‌ಪೆನ್ ಒಂದೆರಡು ಹನಿ ನೀರಿಗೆ ಹೆದರುವುದಿಲ್ಲ. ಫೌಂಟನ್ ಪೆನ್ನಿನ ಶಾಯಿ, ಸ್ಕೆಚ್ ಪೆನ್, ರಬ್ಬರ್ ಸ್ಟ್ಯಾಂಪ್ ಇವು ಹಬ್ಬಿಕೊಳ್ಳುತ್ತವೆ, ಒಮ್ಮೆ ಹಬ್ಬಿದರೆ ಮತ್ತೆ ಓದಲಾಗದು. ಇಂಥವಕ್ಕೆ ಎರಡೂ ಕಡೆಯಿಂದ ರಬ್ಬರ್ ಉಂಗುರದ ಬಿಲ್ಲೆ ಒತ್ತಿ ಬಿಗಿಯುವ ಲೇಬಲ್ ರಕ್ಷಕ ಬೇಕು. ಕೊಳ್ಳುವಾಗ 7 ಇಂಚಿನ ಲೇಬಲ್ ಅಳತೆಯದ್ದೇ ಎಂದು ಖಚಿತಪಡಿಸಿಕೊಳ್ಳಿ. ಎಲ್‌ಪಿಗೆಂದು ಮಾಡಿದ ಬಿಲ್ಲೆ ಲೇಬಲ್‌ಗಿಂತ ಅಗಲವಾಗಿದ್ದು ಹಾಡಿನ ಕೊನೆಯ ಗ್ರೂವ್‌ಗಳ ಮೇಲೂ ಕೂರಬಹುದು. ರಕ್ಷಕ ಇಲ್ಲದಿದ್ದರೆ ಶಾಯಿಯ ಲೇಬಲ್ಲಿನ ಪ್ಲೇಟನ್ನು ತೊಟ್ಟಿಗೆ ಹಾಕದಿರುವುದೇ ಸರಿ. ಮೈಕ್ರೋಫೈಬರ್ ಬಟ್ಟೆಯನ್ನು ಒದ್ದೆ ಮಾಡಿ ಹಿಂಡಿ, ಗ್ರೂವ್‌ನ ಜಾಡಿನಲ್ಲೇ ಒರೆಸಿದರೆ ಅರ್ಧ ಕೆಲಸವಾದರೂ ಆಗುತ್ತದೆ.

ಇನ್ನು ತೊಳೆಯುವುದು. ಮೊದಲು ಕಾರ್ಬನ್ ಎಳೆಗಳ ಒಣ ಬ್ರಷ್‌ನಿಂದ ಸಡಿಲ ಧೂಳು ತೆಗೆಯಿರಿ. ಈ ಹಂತ ಬಿಟ್ಟರೆ ಮರಳಿನಂಥ ಕಣಗಳು ತೊಟ್ಟಿಯ ಬ್ರಷ್‌ಗೆ ಸೇರಿಕೊಂಡು ಮುಂದಿನ ಪ್ಲೇಟುಗಳನ್ನೂ ಉಜ್ಜುತ್ತವೆ. ನೀರು ಡಿಸ್ಟಿಲ್ಡ್ ಆಗಿರಲಿ. ನಲ್ಲಿ ನೀರು ಆರಿದ ಮೇಲೆ ಅದರಲ್ಲಿನ ಸುಣ್ಣ ಗ್ರೂವ್ ಒಳಗೆ ಉಳಿದು ಚಟಪಟ ಸದ್ದಾಗುತ್ತದೆ. ಬಿಸಿನೀರು ಬೇಡ, ಕೋಣೆಯ ಉಷ್ಣತೆ ಸಾಕು. ದ್ರಾವಣ ಸೀಸೆಯ ಮೇಲೆ ಹೇಳಿದಷ್ಟೇ ಹಾಕಿ. ಹೆಚ್ಚು ಹಾಕಿದರೆ ಹೆಚ್ಚು ಶುದ್ಧವಾಗುವುದಿಲ್ಲ, ಗ್ರೂವ್‌ನಲ್ಲಿ ಅಂಟು ಉಳಿಯುತ್ತದೆ. ಪಾತ್ರೆ ತೊಳೆಯುವ ಸೋಪಿನ ನೀರಿನ ಸಲಹೆ ಕೊಡುವವರಿದ್ದಾರೆ. ಅದರಲ್ಲಿನ ಪರಿಮಳ, ಬಣ್ಣ, ಕೈ ಮೃದುವಾಗಿಡಲು ಸೇರಿಸಿದ ವಸ್ತುಗಳು ಎಲ್ಲಿಗೆ ಹೋಗಬೇಕು?

ಬ್ರಷ್‌ಗಳು ಚೆನ್ನಾಗಿ ನೆನೆಯಲು ಒಂದೆರಡು ನಿಮಿಷ ಬಿಡಿ. ಒಣ ಬ್ರಷ್ ಪ್ಲೇಟನ್ನು ಕಚ್ಚಿ ಹಿಡಿಯುತ್ತದೆ, ಆಗ ಕೈ ಜಾರಿ ಲೇಬಲ್ ನೀರಿಗೆ ಇಳಿಯುತ್ತದೆ. ಬಲಕ್ಕೆ ಮೂರು ಸುತ್ತು, ಎಡಕ್ಕೆ ಮೂರು. ಬರೀ ಧೂಳಿಗೆ ಇದು ಸಾಕು. ಹೋಟೆಲುಗಳಲ್ಲಿ ನಾಣ್ಯ ಹಾಕಿ ಹಾಡು ಕೇಳುವ ಜ್ಯೂಕ್‌ಬಾಕ್ಸ್‌ನಿಂದ ಬಂದ, ಸಿಗರೇಟಿನ ಹೊಗೆ ಮೆತ್ತಿದ ಪ್ಲೇಟಿಗೆ ಹತ್ತು ಹತ್ತು ಸುತ್ತು ಬೇಕಾದೀತು. ಎಷ್ಟೋ 45ಗಳಲ್ಲಿ ಅಂಚು ಮತ್ತು ಲೇಬಲ್ ಭಾಗ ದಪ್ಪ, ನಡುವಿನ ಗ್ರೂವ್ ಪಟ್ಟಿ ತಗ್ಗು. ಒಂದರ ಮೇಲೊಂದು ಪೇರಿಸಿದಾಗ ಗ್ರೂವ್‌ಗಳು ತಿಕ್ಕಾಡದಿರಲೆಂದು ಹಾಗೆ ಮಾಡಿದ್ದು. ತಗ್ಗಿನ ತುದಿಗಳಲ್ಲಿ, ಅಂದರೆ ಹಾಡಿನ ಶುರುವಿನಲ್ಲಿ ಮತ್ತು ಕೊನೆಯಲ್ಲಿ, ದಪ್ಪ ಬ್ರಷ್ ಸರಿಯಾಗಿ ಮುಟ್ಟುವುದಿಲ್ಲ. ಈ ವಾಷರ್‌ನ ನಿಜವಾದ ಕೊರತೆ ಇದು. ಮುಳ್ಳು ಇಳಿಸುವುದು ಆ ಮೊದಲ ಸುತ್ತುಗಳಲ್ಲೇ ಅಲ್ಲವೇ.

ಇನ್ನೊಂದು ಕೊರತೆ, ಜಾಲಿಸುವ ವ್ಯವಸ್ಥೆಯೇ ಇಲ್ಲ. ಕೊಳೆ ಬಿಟ್ಟ ನೀರಿನಲ್ಲೇ ಪ್ಲೇಟು ಮೇಲೆ ಬರುತ್ತದೆ, ಅದನ್ನೇ ಬಟ್ಟೆಯಿಂದ ಒರೆಸುತ್ತೀರಿ. ಎರಡನೆಯ ತೊಟ್ಟಿಯಲ್ಲಿ ಬರೀ ಡಿಸ್ಟಿಲ್ಡ್ ವಾಟರ್ ಇಟ್ಟುಕೊಂಡು ಮತ್ತೆ ಮೂರು ಸುತ್ತು ತಿರುಗಿಸಿದರೆ ಫಲಿತಾಂಶ ಕಿವಿಗೇ ಗೊತ್ತಾಗುವಷ್ಟು ಬದಲಾಗುತ್ತದೆ. ಇಪ್ಪತ್ತು ಸಿಂಗಲ್ ಆದ ಮೇಲೆ ತಳ ನೋಡಿ. ಗಸಿ ಕಂಡರೆ ನೀರು ಬದಲಿಸಿ. ಬೂಷ್ಟು ಹಿಡಿದ ಪ್ಲೇಟುಗಳನ್ನು ಕೊನೆಗಿಡಿ, ಅವನ್ನು ತೊಳೆದ ನೀರು ಚೆಲ್ಲಿ, ಬ್ರಷ್‌ಗಳನ್ನು ಬೇರೆಯಾಗಿ ತೊಳೆದು ಒಣಗಿಸಿ.

ಒರೆಸಿದ ತಕ್ಷಣ ಕವರಿಗೆ ಹಾಕುವ ಆತುರ ಬೇಡ. ನೆಟ್ಟಗೆ ನಿಲ್ಲಿಸಿ ಕನಿಷ್ಠ ಅರ್ಧ ಗಂಟೆ ಒಣಗಲಿ. ಗ್ರೂವ್‌ನ ತಳದಲ್ಲಿ ಉಳಿದ ತೇವ ಕಾಗದದ ಕವರಿನೊಳಗೆ ಬೂಷ್ಟಿಗೆ ದಾರಿ.

ತೊಳೆದ ಮೇಲೂ ಸದ್ದು ಬಂದರೆ ವಾಷರನ್ನು ಬೈಯುವ ಮುಂಚೆ ಆ ಸದ್ದು ಯಾವುದು ಎಂದು ಕೇಳಿಸಿಕೊಳ್ಳಿ. 45 ಆರ್‌ಪಿಎಂನಲ್ಲಿ ಒಂದು ಸುತ್ತಿಗೆ 1.33 ಸೆಕೆಂಡ್. ಅದೇ ತಾಳಕ್ಕೆ ಟಿಕ್ ಟಿಕ್ ಎಂದರೆ ಅದು ಅಡ್ಡ ಬಿದ್ದ ಗೀರು, ನೀರಿಗೆ ಹೋಗುವಂಥದ್ದಲ್ಲ. ಹಾಡು ಜೋರಾದಾಗ ಮಾತ್ರ ಗೊರಗೊರ, ಸಕಾರ ಶಕಾರ ಬಂದಾಗ ಸಿಡಿತ, ಇದು ಭಾರದ ಮುಳ್ಳು ಗ್ರೂವ್‌ನ ಗೋಡೆ ಸವೆಸಿದ ಗುರುತು. ಸ್ಟೈರೀನ್ ಇದಕ್ಕೆ ಬೇಗ ಬಲಿಯಾಗುತ್ತದೆ. ಲಯವಿಲ್ಲದೆ ಅಲ್ಲಲ್ಲಿ ಚಟಪಟ ಎಂದರೆ ಮಾತ್ರ ಕೊಳೆ ಇನ್ನೂ ಇದೆ, ಮತ್ತೊಮ್ಮೆ ತೊಳೆಯಬಹುದು. ತೊಳೆದ ನಂತರದ ಮೊದಲ ಸಲ ಮುಳ್ಳಿನ ತುದಿಗೆ ಬೂದಿಯಂಥ ಮುದ್ದೆ ಹತ್ತುವುದುಂಟು. ಹಿಂದಿನಿಂದ ಮುಂದಕ್ಕೆ ಬ್ರಷ್ ಆಡಿಸಿ ತೆಗೆದು ಮತ್ತೆ ಹಾಕಿ. ಹಳೆಯ ಮೊನೊ (ಸ್ಟೀರಿಯೊ ಅಲ್ಲದ) ಸಿಂಗಲ್ ಆದರೆ ಆಂಪ್ಲಿಫಯರ್‌ನ ಮೊನೊ ಗುಂಡಿ ಒತ್ತಿ ನೋಡಿ. ಮುಳ್ಳು ಮೇಲೆ ಕೆಳಗೆ ಕುಣಿಯುವುದರಿಂದ ಬರುವ ಗದ್ದಲ ಅಲ್ಲೇ ಬಹಳ ತಗ್ಗುತ್ತದೆ. ಖರ್ಚಿಲ್ಲದ ಈ ಗುಂಡಿ ಕೆಲವೊಮ್ಮೆ ವಾಷರ್‌ಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಬೇರೆ ಮಾದರಿಗಳ ಜೊತೆ ಹೋಲಿಸಿದರೆ, ವ್ಯಾಕ್ಯೂಮ್ ಯಂತ್ರ ಕೊಳೆನೀರನ್ನು ಹೀರಿ ತೆಗೆಯುವುದರಿಂದ ಹೆಚ್ಚು ಶುದ್ಧ. ಆದರೆ ಎಲ್‌ಪಿ ಅಳತೆಯ ಹೀರುಕೊಳವೆ ಸಿಂಗಲ್‌ನ ಅಂಚಿನಾಚೆ ಚಾಚಿ ಗಾಳಿ ಎಳೆಯುತ್ತದೆ. 7 ಇಂಚಿನ ಕೊಳವೆ ಪ್ರತ್ಯೇಕವಾಗಿ ಕೊಳ್ಳಬೇಕಾದೀತು. ಕಿವಿಗೆ ಕೇಳದ ಶಬ್ದತರಂಗಗಳಿಂದ ತೊಳೆಯುವ ಅಲ್ಟ್ರಾಸಾನಿಕ್ ತೊಟ್ಟಿ ತಗ್ಗಿನ ಅಂಚುಗಳಿಗೂ ತಲುಪುತ್ತದೆ, ನೂರಾರು ಸಿಂಗಲ್ ಇದ್ದವರಿಗೆ ಅದು ಸರಿ. ಹತ್ತಾರು ಪ್ಲೇಟು ಇರುವವರಿಗೆ, ಅದರಲ್ಲೂ ಹೆಚ್ಚಿನವು ವಿನೈಲ್ ಆಗಿದ್ದರೆ, ರೋಲರ್ ತೊಟ್ಟಿಯನ್ನು ಧೈರ್ಯವಾಗಿ ಹೇಳಬಹುದು. ಸ್ಟೈರೀನ್ ಮತ್ತು ಶಾಯಿ ಬರಹದ ಪ್ಲೇಟುಗಳೇ ಹೆಚ್ಚಾಗಿದ್ದರೆ ಲೇಬಲ್ ರಕ್ಷಕ ಇಲ್ಲದೆ ಕೊಳ್ಳಬೇಡಿ.

ವಾಷರ್ ಜೊತೆಗೇ ಹೊಸ ಪಾಲಿಥಿಲೀನ್ ಒಳಕವರುಗಳನ್ನೂ ತರಿಸಿಕೊಳ್ಳಿ. ತೊಳೆದ ಪ್ಲೇಟು ಹಳೆಯ ಧೂಳಿನ ಕವರಿಗೆ ಮರಳಿದರೆ ಶ್ರಮವೆಲ್ಲ ನೀರುಪಾಲು. ಕಂಪನಿಯ ಮೂಲ ಕಾಗದದ ಕವರನ್ನು, ಅದರ ಮೇಲೆ ಬರೆದ ಹೆಸರಿನ ಸಮೇತ, ಹೊಸ ಕವರಿನ ಹಿಂದೆ ಇಟ್ಟು ಎರಡನ್ನೂ ಒಂದೇ ಹೊರಕವರಿಗೆ ಸೇರಿಸಿ. ಮೃದುವಾದ ಪಿವಿಸಿ ಕವರು ಮಾತ್ರ ಬೇಡ. ಅದರೊಳಗಿನ ಮೆದುಕಾರಕ ವರ್ಷಗಳಲ್ಲಿ ಪ್ಲೇಟಿಗೆ ಇಳಿದು ಬಿಳಿ ಮಬ್ಬು ಕಟ್ಟುತ್ತದೆ, ಅದು ಯಾವ ತೊಟ್ಟಿಯಲ್ಲೂ ಹೋಗುವುದಿಲ್ಲ.